ಮರಳಿ ತರಲು ಬಂದರೆ ಮಾತ್ರ ಬ್ಯಾಕಪ್: ಮನೆಯ ಕಂಪ್ಯೂಟರಿಗೆ ಡಿಸ್ಕ್ ಇಮೇಜ್ ತಂತ್ರಾಂಶದ ಆಯ್ಕೆ

ಆನ್ ಆಗದ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ದಾಗ ಕೌಂಟರಿನ ಹಿಂದಿನ ಹುಡುಗ ಮೊದಲು ಕೇಳುವುದು, ‘ಡೇಟಾ ಬೇಕಾ ಸಾರ್, ಇಲ್ಲಾ ಫಾರ್ಮ್ಯಾಟ್ ಮಾಡ್ಬಿಡ್ಲಾ?’ ಎಂದು. ಫೋಟೊ, ದಾಖಲೆಗಳೆಲ್ಲ ಡಿ ಡ್ರೈವಿನಲ್ಲಿವೆ, ಸಿ ಡ್ರೈವನ್ನು ಮಾತ್ರ ಅಳಿಸಿದರೆ ಸಾಕು ಎಂದು ನಾವು ಧೈರ್ಯವಾಗಿ ಹೇಳಿ ಬರುತ್ತೇವೆ. ಕೆಟ್ಟಿರುವುದು ವಿಂಡೋಸ್ ಮಾತ್ರವಾದರೆ ಆ ಧೈರ್ಯ ಸರಿಯೇ. ಆದರೆ ಹೆಚ್ಚಿನ ಮನೆಗಳ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಎನ್ನುವುದು ಒಂದೇ ಡಿಸ್ಕಿನಲ್ಲಿ ಗೆರೆ ಎಳೆದು ಮಾಡಿಕೊಂಡ ಎರಡು ಭಾಗಗಳು. ಒಂದೇ ಸೂರಿನಡಿಯ ಎರಡು ಕೋಣೆಗಳಿದ್ದಂತೆ. ಸೂರು ಕುಸಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಡಿ ಡ್ರೈವಿಗೆ ಕಾಪಿ ಮಾಡಿಟ್ಟದ್ದು ಬ್ಯಾಕಪ್ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಬ್ಯಾಕಪ್ ಎನಿಸಿಕೊಳ್ಳಲು ಅದು ಬೇರೆಯೇ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆಯೇ ಜಾಗದಲ್ಲಿ ಇರಬೇಕು.

ಬೇರೆ ಡಿಸ್ಕಿನಲ್ಲಿ ಇಟ್ಟರೂ ಏನನ್ನು ಇಟ್ಟಿದ್ದೇವೆ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಭಾವನವರು ಊರಿನಲ್ಲಿ ಮನೆಯ ಮುಂಗೋಣೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಾರೆ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ದೇವಸ್ಥಾನದ ರಸೀದಿ ಪುಸ್ತಕ ಇಂಥವು. ಹಳೆಯ ವಿಂಡೋಸ್ 7 ಯಂತ್ರ, ಅದರಲ್ಲಿ ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 7, ಜೊತೆಗೆ ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತವನ್ನು ಬಳಸದ ಹಳೆಯ ನುಡಿ ಅಕ್ಷರಗಳು. ಅವರು ಶಿಸ್ತಿನ ಮನುಷ್ಯ. ಪ್ರತಿ ಶನಿವಾರ ಎಲ್ಲ ಕಡತಗಳನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುತ್ತಿದ್ದರು. ಒಳಗಿನ ಡಿಸ್ಕು ಕೈಕೊಟ್ಟ ದಿನ ಹತ್ತು ವರ್ಷಗಳ ಕಡತಗಳಲ್ಲಿ ಒಂದೂ ಕಳೆದುಹೋಗಿರಲಿಲ್ಲ, ಆದರೆ ಅವುಗಳನ್ನು ತೆರೆಯುವ ಪೇಜ್‌ಮೇಕರ್ ಹೋಗಿತ್ತು, ಅದರ ಸಿ.ಡಿ. ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. ಹೊಸ ಯಂತ್ರದಲ್ಲಿ ಆ ಕಡತಗಳಿಂದ ಹೊರತೆಗೆದ ಸಾಲುಗಳು ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಗೋಜಲನ್ನು ತೋರಿಸಿದವು, ಏಕೆಂದರೆ ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂರಿಸಿದಂಥವು. ಫಾಂಟು ಇಲ್ಲದಿದ್ದರೆ ಅಲ್ಲಿ ಕನ್ನಡವೇ ಇಲ್ಲ. ಅದೇ ಆವೃತ್ತಿಗಳನ್ನು ಹುಡುಕಿ ಹೊಂದಿಸಿಕೊಳ್ಳಲು ಅವರಿಗೆ ಎರಡು ವಾರ ಹಿಡಿಯಿತು, ಮದುವೆಯ ಹಂಗಾಮು ಅರ್ಧ ಕಳೆದಿತ್ತು.

ಕಡತಗಳ ಬ್ಯಾಕಪ್‌ಗೂ ಡಿಸ್ಕ್ ಇಮೇಜ್‌ಗೂ ಇರುವ ಅಂತರ ಇದರಲ್ಲೇ ಇದೆ. ಮೊದಲನೆಯದು ನಾವು ಮಾಡಿದ ಕೆಲಸವನ್ನು ಉಳಿಸುತ್ತದೆ. ಎರಡನೆಯದು ಕೆಲಸ ಮಾಡುವ ಯಂತ್ರದ ಸ್ಥಿತಿಯನ್ನೇ ಇದ್ದದ್ದು ಇದ್ದಂತೆ ಉಳಿಸುತ್ತದೆ. ಇಮೇಜ್ ಎಂದಾಕ್ಷಣ ಚಿತ್ರವೆಂದು ತಿಳಿಯಬಾರದು, ಇಲ್ಲಿ ಅದು ಡಿಸ್ಕಿನ ಪಡಿಯಚ್ಚು. ವಿಂಡೋಸ್, ಹಾಕಿಕೊಂಡ ತಂತ್ರಾಂಶಗಳು, ಅವುಗಳ ಸೆಟ್ಟಿಂಗುಗಳು, ಫಾಂಟುಗಳು, ಪ್ರಿಂಟರನ್ನು ವಿಂಡೋಸಿಗೆ ಪರಿಚಯಿಸುವ ಡ್ರೈವರು, ಡೆಸ್ಕ್‌ಟಾಪಿನ ಮೇಲೆ ಚದುರಿಬಿದ್ದ ಐಕಾನುಗಳು ಎಲ್ಲವೂ ಸೇರಿ ಒಂದು ದೊಡ್ಡ ಕಡತವಾಗಿ ಇನ್ನೊಂದು ಡಿಸ್ಕಿನಲ್ಲಿ ಕೂರುತ್ತವೆ.

ಹಾಗಾದರೆ ಸಿ ಡ್ರೈವಿನಲ್ಲಿರುವುದನ್ನೆಲ್ಲ ಆಯ್ದುಕೊಂಡು ಕಾಪಿ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಅದಕ್ಕೆ ಎರಡು ಕಾರಣಗಳಿವೆ. ವಿಂಡೋಸ್ ಓಡುತ್ತಿರುವಾಗ ಅದರ ಎಷ್ಟೋ ಕಡತಗಳು ಬಳಕೆಯಲ್ಲಿ ಸಿಕ್ಕಿಕೊಂಡಿರುತ್ತವೆ, ಅವುಗಳನ್ನು ಮುಟ್ಟಲು ಅದು ಬಿಡುವುದಿಲ್ಲ. ಇನ್ನು ಈಚಿನ ಯಂತ್ರಗಳಲ್ಲಿ ಸಿ ಡ್ರೈವಿನ ಅಕ್ಕಪಕ್ಕ ನಮ್ಮ ಕಣ್ಣಿಗೆ ಕಾಣದ ಸಣ್ಣ ವಿಭಾಗಗಳಿವೆ: ಕಂಪ್ಯೂಟರನ್ನು ಎಬ್ಬಿಸುವ ಕಡತಗಳಿರುವ, ಸಾಮಾನ್ಯವಾಗಿ 100 ಎಂ.ಬಿ.ಯಷ್ಟು ಇರುವ ಇಎಫ್‌ಐ ವಿಭಾಗ, ವಿಂಡೋಸ್ ಕಾಯ್ದಿಟ್ಟುಕೊಂಡ 16 ಎಂ.ಬಿ.ಯ ಇನ್ನೊಂದು ತುಣುಕು, ಕೆಲವು ನೂರು ಎಂ.ಬಿ.ಯ ರಿಕವರಿ ವಿಭಾಗ. ಇವನ್ನು ಬಿಟ್ಟು ಸಿ ಡ್ರೈವನ್ನಷ್ಟೇ ಒಯ್ದರೆ, ಕೀಲಿಕೈ ಮರೆತು ಮನೆ ಬದಲಾಯಿಸಿದಂತಾಗುತ್ತದೆ. ಇಮೇಜ್ ತೆಗೆಯುವ ತಂತ್ರಾಂಶಗಳು ಈ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಹಿಡಿಯುತ್ತವೆ. ಬಳಕೆಯಲ್ಲಿರುವ ಕಡತಗಳಿಗಾಗಿ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ‘ವಾಲ್ಯೂಮ್ ಶ್ಯಾಡೊ ಕಾಪಿ’ ಎಂಬ ಸೌಲಭ್ಯವನ್ನು ಬಳಸುತ್ತವೆ. ಅದು ಒಂದು ಕ್ಷಣದ ಸ್ಥಿತಿಯನ್ನು ಹಿಡಿದು ನಿಲ್ಲಿಸಿ ಕೊಡುವುದರಿಂದ, ನೀವು ಪತ್ರ ಬರೆಯುತ್ತ ಕುಳಿತಿದ್ದಾಗಲೇ ಹಿನ್ನೆಲೆಯಲ್ಲಿ ಇಮೇಜ್ ಸಿದ್ಧವಾಗಬಲ್ಲದು.

ಕ್ಲೋನ್ ಎಂಬ ಮಾತೂ ಇದರ ಜೊತೆಗೇ ಕೇಳಿಬರುತ್ತದೆ. ಕ್ಲೋನ್ ಎಂದರೆ ಒಂದು ಡಿಸ್ಕನ್ನು ನೇರವಾಗಿ ಇನ್ನೊಂದು ಡಿಸ್ಕಿನ ಮೇಲೆ ಎರಕ ಹೊಯ್ಯುವುದು. ಹಳೆಯ ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸುವಾಗ ಬೇಕಾದದ್ದು ಇದೇ. ಅದು ಆ ಒಂದು ದಿನದ ಕೆಲಸ, ಮರುದಿನಕ್ಕೆ ಹಳತಾಗುತ್ತದೆ. ಹೊಸ ಡಿಸ್ಕಿನ ಅಷ್ಟೂ ಜಾಗ ಆ ಒಂದೇ ಪ್ರತಿಗೆ ಮೀಸಲಾಗುತ್ತದೆ. ಇಮೇಜ್‌ಗಳಾದರೆ ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಮೂರು ತಿಂಗಳವು, ಇಬ್ಬರ ಲ್ಯಾಪ್‌ಟಾಪಿನವು ಒಟ್ಟಿಗೆ ಹಿಡಿಸುತ್ತವೆ. ಡಿಸ್ಕ್ ಬದಲಾಯಿಸಲು ಕ್ಲೋನ್, ಕಾಪಾಡಿಕೊಳ್ಳಲು ಇಮೇಜ್ ಎಂದು ಇಟ್ಟುಕೊಂಡರೆ ಗೊಂದಲವಿರುವುದಿಲ್ಲ.

ಮೊದಲ ಇಮೇಜ್ ಪೂರ್ತಿಯಾದದ್ದು. ಪ್ರತಿ ಸಲವೂ ಹಾಗೆಯೇ ಪೂರ್ತಿ ತೆಗೆದರೆ ಜಾಗವೂ ಸಮಯವೂ ದಂಡ. ಅದಕ್ಕಾಗಿ ‘ಇನ್‌ಕ್ರಿಮೆಂಟಲ್’ ಮತ್ತು ‘ಡಿಫರೆನ್ಷಿಯಲ್’ ಎಂಬ ಎರಡು ಬಗೆಗಳಿವೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೆನೆಸಿಕೊಳ್ಳಿ. ತಿಂಗಳ ಮೊದಲ ದಿನದ ಬಾಕಿ ಪೂರ್ತಿ ಇಮೇಜ್. ಆಮೇಲೆ ದಿನದಿನದ ಖರೀದಿಯನ್ನು ಒಂದೊಂದು ಸಾಲಾಗಿ ಬರೆದರೆ ಅದು ಇನ್‌ಕ್ರಿಮೆಂಟಲ್. ಸಾಲುಗಳು ಚಿಕ್ಕವು, ಆದರೆ ನಡುವಿನ ಒಂದು ಹಾಳೆ ಹರಿದರೆ ಅಲ್ಲಿಂದ ಮುಂದಿನ ಲೆಕ್ಕ ಯಾವುದೂ ತಾಳೆಯಾಗುವುದಿಲ್ಲ. ಅದರ ಬದಲು ಪ್ರತಿ ದಿನ ‘ಒಂದನೇ ತಾರೀಕಿನಿಂದ ಇಂದಿನವರೆಗೆ ಇಷ್ಟು’ ಎಂದು ಹೊಸದಾಗಿ ಬರೆದರೆ ಅದು ಡಿಫರೆನ್ಷಿಯಲ್. ಬರಹ ದಿನೇ ದಿನೇ ಉದ್ದವಾಗುತ್ತದೆ, ಆದರೆ ಮೊದಲ ಹಾಳೆ ಮತ್ತು ಬೇಕಾದ ದಿನದ ಹಾಳೆ ಎರಡಿದ್ದರೆ ಸಾಕು. ಮನೆಯ ಬಳಕೆಗೆ ನನ್ನ ಒಲವು ಎರಡನೆಯದರ ಕಡೆಗೆ. ತಿಂಗಳಿಗೊಂದು ಪೂರ್ತಿ, ವಾರಕ್ಕೊಂದು ಡಿಫರೆನ್ಷಿಯಲ್ ಎಂದಿಟ್ಟುಕೊಂಡರೆ ನಡುವಿನ ಯಾವುದಾದರೊಂದು ಡಿಫರೆನ್ಷಿಯಲ್ ಕೆಟ್ಟರೂ ಉಳಿದವು ಕೈಬಿಡುವುದಿಲ್ಲ.

ತಂತ್ರಾಂಶಗಳ ಜಾಹೀರಾತುಗಳೆಲ್ಲ ‘ಮೂರೇ ಕ್ಲಿಕ್ಕಿನಲ್ಲಿ ಬ್ಯಾಕಪ್’ ಎಂದು ಹೇಳಿಕೊಳ್ಳುತ್ತವೆ, ಅದು ಸುಳ್ಳೂ ಅಲ್ಲ. ಇಮೇಜ್ ತೆಗೆಯುವುದು ಇಂದು ಎಲ್ಲದರಲ್ಲೂ ಸುಲಭವೇ. ಆದರೆ ತೆಗೆಯುವ ದಿನ ನಾವು ನಿಶ್ಚಿಂತರಾಗಿರುತ್ತೇವೆ, ಕಂಪ್ಯೂಟರ್ ಸರಿಯಿರುತ್ತದೆ, ಅರ್ಥವಾಗದ್ದನ್ನು ಅದರಲ್ಲೇ ಹುಡುಕಿ ಓದಿಕೊಳ್ಳಬಹುದು. ಮರಳಿಸುವ ದಿನ ಪರದೆ ಕಪ್ಪಾಗಿರುತ್ತದೆ, ಮರುದಿನ ಬೆಳಗ್ಗೆ ಯಾವುದೋ ಅರ್ಜಿಗೆ ಕೊನೆಯ ದಿನವಿರುತ್ತದೆ, ಆ ತಂತ್ರಾಂಶದ ಗುಂಡಿಗಳನ್ನು ನೋಡಿ ವರ್ಷವಾಗಿರುತ್ತದೆ. ಸುಲಭವೆಂಬ ಮಾತನ್ನು ಆ ದಿನಕ್ಕೆ ಹಚ್ಚಿ ನೋಡಬೇಕು.

ಆ ದಿನದ ಆಯುಧ ರೆಸ್ಕ್ಯೂ ಪೆನ್‌ಡ್ರೈವ್. ವಿಂಡೋಸ್ ಏಳದಿದ್ದಾಗ ತಂತ್ರಾಂಶವನ್ನು ತೆರೆಯುವುದು ವಿಂಡೋಸಿನೊಳಗಿಂದ ಸಾಧ್ಯವಿಲ್ಲವಾದ್ದರಿಂದ, ತಾನೇ ಸ್ವತಂತ್ರವಾಗಿ ಕಂಪ್ಯೂಟರನ್ನು ಎಬ್ಬಿಸಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರುವ ಇಮೇಜನ್ನು ಒಳಗಿನ ಡಿಸ್ಕಿಗೆ ಬರೆಯಬಲ್ಲ ಒಂದು ಪೆನ್‌ಡ್ರೈವನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು. ಎಲ್ಲ ಒಳ್ಳೆಯ ತಂತ್ರಾಂಶಗಳಲ್ಲೂ ಅದನ್ನು ತಯಾರಿಸುವ ಗುಂಡಿ ಇದೆ. ಹೆಚ್ಚಿನವರು ಅದನ್ನು ಒತ್ತುವುದಿಲ್ಲ. ಒತ್ತಿದವರೂ ಆ ಪೆನ್‌ಡ್ರೈವ್ ಕೆಲಸ ಮಾಡುತ್ತದೆಯೇ ಎಂದು ನೋಡುವುದಿಲ್ಲ.

ನಾನೂ ನೋಡಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಬೇರೇನೂ ಕೆಲಸವಿಲ್ಲದೆ, ಮನೆಯ ಹೊಸ ಲ್ಯಾಪ್‌ಟಾಪಿಗೆ ಆ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುವಾಗಲೇ ಎಫ್12 ಒತ್ತುತ್ತ ಅದರಿಂದ ಎಬ್ಬಿಸಿದೆ. ತಂತ್ರಾಂಶ ಚೆನ್ನಾಗಿಯೇ ತೆರೆಯಿತು. ಇಮೇಜ್ ಇದ್ದ ಎಕ್ಸ್‌ಟರ್ನಲ್ ಡಿಸ್ಕೂ ಕಂಡಿತು. ಎಲ್ಲಿಗೆ ಮರಳಿಸಬೇಕು ಎಂದು ಕೇಳುವ ಪಟ್ಟಿಯಲ್ಲಿ ಮಾತ್ರ ಲ್ಯಾಪ್‌ಟಾಪಿನ ಸ್ವಂತ ಡಿಸ್ಕೇ ಇರಲಿಲ್ಲ. ಇಂಟೆಲ್‌ನ 11ನೇ ತಲೆಮಾರಿನಿಂದೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿಯು ‘ವಿಎಂಡಿ’ ಎಂಬ ನಿಯಂತ್ರಕದ ಹಿಂದೆ ಅಡಗಿ ಕುಳಿತಿರುತ್ತದೆ. ಅದಕ್ಕೆ ಬೇಕಾದ ಡ್ರೈವರು ರೆಸ್ಕ್ಯೂ ಪೆನ್‌ಡ್ರೈವಿನಲ್ಲಿ ಇಲ್ಲದಿದ್ದರೆ ಡಿಸ್ಕು ಇಲ್ಲವೆಂದೇ ಅದು ತಿಳಿಯುತ್ತದೆ. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಆ ಡ್ರೈವರನ್ನು ಇಳಿಸಿ, ಪೆನ್‌ಡ್ರೈವನ್ನು ಇನ್ನೊಮ್ಮೆ ತಯಾರಿಸುವಾಗ ಸೇರಿಸಿದ ಮೇಲೆ ಡಿಸ್ಕು ಪಟ್ಟಿಗೆ ಬಂತು. ಹತ್ತು ನಿಮಿಷದ ಕೆಲಸ. ಅದೇ ಲ್ಯಾಪ್‌ಟಾಪ್ ಸತ್ತಿದ್ದ ರಾತ್ರಿ, ಇನ್ನೊಂದು ಕಂಪ್ಯೂಟರ್ ಇಲ್ಲದ ಮನೆಯಲ್ಲಿ, ಆ ಖಾಲಿ ಪಟ್ಟಿಯನ್ನು ನೋಡುತ್ತ ಕೂರುವುದನ್ನು ಊಹಿಸಿಕೊಳ್ಳಲೂ ನನಗೆ ಇಷ್ಟವಿಲ್ಲ.

ಆದ್ದರಿಂದ ತಂತ್ರಾಂಶವನ್ನು ಆರಿಸುವ ಪರೀಕ್ಷೆಯೆಂದರೆ ನನ್ನ ಮಟ್ಟಿಗೆ ಈ ಅಣಕು ಮರುಸ್ಥಾಪನೆಯೇ. ಇಮೇಜ್ ತೆಗೆಯಿರಿ, ರೆಸ್ಕ್ಯೂ ಪೆನ್‌ಡ್ರೈವ್ ಮಾಡಿ, ಅದರಿಂದ ಕಂಪ್ಯೂಟರನ್ನು ಎಬ್ಬಿಸಿ, ಮರುಸ್ಥಾಪನೆಯ ಹಾದಿಯಲ್ಲಿ ಕೊನೆಯ ‘ಸರಿ’ ಒತ್ತುವ ಒಂದು ಹೆಜ್ಜೆ ಹಿಂದಿನವರೆಗೂ ಹೋಗಿ, ಇಮೇಜೂ ಗುರಿಯ ಡಿಸ್ಕೂ ಎರಡೂ ಕಾಣುತ್ತವೆಯೇ, ಕೇಳುವ ಪ್ರಶ್ನೆಗಳು ನಿಮಗೆ ಅರ್ಥವಾಗುತ್ತವೆಯೇ ಎಂದು ನೋಡಿ, ರದ್ದು ಮಾಡಿ ಹೊರಬನ್ನಿ. ಅರ್ಥವಾಗದಿದ್ದರೆ ಆ ತಂತ್ರಾಂಶಕ್ಕೆ ಎಷ್ಟು ಪ್ರಶಸ್ತಿ ಬಂದಿದ್ದರೂ ಅದು ನಿಮ್ಮದಲ್ಲ.

ಈಗ ತಂತ್ರಾಂಶಗಳ ವಿಷಯ. ಹಳಬರಿಗೆ ‘ಘೋಸ್ಟ್’ ನೆನಪಿರಬಹುದು. ನ್ಯೂಜಿಲೆಂಡಿನಲ್ಲಿ ಹುಟ್ಟಿ, 1998ರಲ್ಲಿ ಸಿಮ್ಯಾಂಟೆಕ್ ಕೈಸೇರಿ ನಾರ್ಟನ್ ಘೋಸ್ಟ್ ಎಂದು ಹೆಸರಾದ ಅದು 2013ರಲ್ಲಿ ನಿಂತುಹೋಯಿತು. ಅದರ ನಂತರ ಮನೆಯ ಬಳಕೆದಾರರು ನೆಚ್ಚಿಕೊಂಡಿದ್ದು ‘ಮ್ಯಾಕ್ರಿಯಂ ರಿಫ್ಲೆಕ್ಟ್’ ತಂತ್ರಾಂಶದ ಉಚಿತ ಆವೃತ್ತಿಯನ್ನು. ಅದರ ಭದ್ರತಾ ಪರಿಷ್ಕರಣೆಗಳೂ 2024ರ ಜನವರಿ 1ಕ್ಕೆ ಮುಗಿದವು. ಈಗ ಅದು ಚಂದಾ ಕೊಟ್ಟು ಬಳಸುವ ತಂತ್ರಾಂಶ. ಹಳೆಯ ಸಲಹೆಗಳನ್ನು ಓದಿ ಅದರ ಉಚಿತ ಆವೃತ್ತಿಯನ್ನು ಎಲ್ಲಿಂದಲೋ ಇಳಿಸಿಕೊಳ್ಳುವವರು ಇಂದಿಗೂ ಇದ್ದಾರೆ, ಅದು ಬೇಡ.

ವಿಂಡೋಸಿನಲ್ಲೇ ಒಂದು ಇಮೇಜ್ ಸೌಲಭ್ಯವಿದೆ. ಕಂಟ್ರೋಲ್ ಪ್ಯಾನೆಲಿನ ಒಳಗೆ ‘ಬ್ಯಾಕಪ್ ಅಂಡ್ ರಿಸ್ಟೋರ್’ ಎಂಬುದರಡಿ, ಪಕ್ಕದಲ್ಲಿ ವಿಂಡೋಸ್ 7ರ ಹೆಸರನ್ನು ಅಂಟಿಸಿಕೊಂಡು ಅದು ಇನ್ನೂ ಉಳಿದಿದೆ. ಮೈಕ್ರೋಸಾಫ್ಟ್ 2017ರಲ್ಲೇ ಅದನ್ನು ಬಳಕೆಯಿಂದ ಸರಿಸಬೇಕಾದವುಗಳ ಪಟ್ಟಿಗೆ ಹಾಕಿ, ಬೇರೆ ಕಂಪನಿಗಳ ತಂತ್ರಾಂಶ ಬಳಸಿರೆಂದು ತಾನೇ ಸಲಹೆ ಕೊಟ್ಟಿತು. ಕೆಲಸವನ್ನಂತೂ ಅದು ಮಾಡುತ್ತದೆ, ಆದರೆ ಹಟಮಾರಿ. ‘ವಿಂಡೋಸ್ ಇಮೇಜ್ ಬ್ಯಾಕಪ್’ ಎಂದು ತಾನೇ ಹೆಸರಿಟ್ಟ ಫೋಲ್ಡರು ಎಕ್ಸ್‌ಟರ್ನಲ್ ಡಿಸ್ಕಿನ ಹೊರಮಟ್ಟದಲ್ಲೇ ಇರಬೇಕು. ಅಚ್ಚುಕಟ್ಟಿಗೆಂದು ನೀವದನ್ನು ಇನ್ನೊಂದು ಫೋಲ್ಡರಿನ ಒಳಗೆ ಹಾಕಿದರೆ ಅಥವಾ ಹೆಸರು ಬದಲಿಸಿದರೆ ಮರಳಿಸುವಾಗ ಇಮೇಜೇ ಇಲ್ಲವೆನ್ನುತ್ತದೆ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾದರೆ, ಒಳಗಿನ ಮಾಹಿತಿ ಎಷ್ಟೇ ಕಡಿಮೆಯಿರಲಿ, ಒಪ್ಪುವುದಿಲ್ಲ. 1 ಟಿ.ಬಿ. ಹಾರ್ಡ್ ಡಿಸ್ಕಿನಿಂದ 500 ಜಿ.ಬಿ. ಎಸ್‌ಎಸ್‌ಡಿಗೆ ಹೋಗುವವರು ಹೆಚ್ಚಾಗಿರುವ ಈ ಕಾಲದಲ್ಲಿ ಇದು ಸಣ್ಣ ತೊಡಕೇನಲ್ಲ. 2023ರಲ್ಲಿ ಬಂದ ‘ವಿಂಡೋಸ್ ಬ್ಯಾಕಪ್’ ಎಂಬ ಆ್ಯಪ್ ಹೆಸರಿನಿಂದ ಮೋಸಹೋಗಬೇಡಿ. ಅದು ಕಡತಗಳನ್ನೂ ಕೆಲವು ಸೆಟ್ಟಿಂಗುಗಳನ್ನೂ ಮೈಕ್ರೋಸಾಫ್ಟಿನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವಿಗೆ ಕಳಿಸುತ್ತದೆಯೇ ಹೊರತು ಇಮೇಜ್ ತೆಗೆಯುವುದಿಲ್ಲ, ಮತ್ತು ಒನ್‌ಡ್ರೈವಿನಲ್ಲಿ ಉಚಿತವಾಗಿ ಸಿಗುವುದು 5 ಜಿ.ಬಿ. ಮಾತ್ರ.

ಹಣ ಕೊಡದೆ ಬಳಸಬಹುದಾದವುಗಳಲ್ಲಿ ‘ವೀಮ್ ಏಜೆಂಟ್’ ನನಗೆ ಮೆಚ್ಚಿನದು. ವೀಮ್ ದೊಡ್ಡ ಸಂಸ್ಥೆಗಳ ಸರ್ವರುಗಳಿಗೆ ಬ್ಯಾಕಪ್ ಒದಗಿಸುವ ಕಂಪನಿ. ವಿಂಡೋಸ್ ಕಂಪ್ಯೂಟರುಗಳಿಗಾಗಿ ಒಂದು ಉಚಿತ ಆವೃತ್ತಿಯನ್ನೂ ಕೊಡುತ್ತದೆ. ಒಮ್ಮೆ ವೇಳೆ ಗೊತ್ತುಮಾಡಿದರೆ ಸಾಕು, ಮೊದಲ ಪೂರ್ತಿ ಬ್ಯಾಕಪ್ ಆದ ಮೇಲೆ ಬದಲಾದದ್ದನ್ನಷ್ಟೇ ಸೇರಿಸುತ್ತ, ನಾವು ಹೇಳಿದಷ್ಟು ದಿನಕ್ಕಿಂತ ಹಳತಾದುದನ್ನು ತಾನೇ ಪೂರ್ತಿ ಬ್ಯಾಕಪ್ಪಿನೊಳಗೆ ಕರಗಿಸಿಕೊಳ್ಳುತ್ತ ಹೋಗುತ್ತದೆ. ರೆಸ್ಕ್ಯೂ ಪೆನ್‌ಡ್ರೈವ್ ಮಾಡುವಾಗ ಈ ಕಂಪ್ಯೂಟರಿನ ಡ್ರೈವರುಗಳನ್ನೂ ಸೇರಿಸಲೇ ಎಂದು ಅದೇ ಕೇಳುತ್ತದೆ. ಮೇಲೆ ಹೇಳಿದ ಖಾಲಿ ಪಟ್ಟಿಯ ಪಜೀತಿ ಬಹುಮಟ್ಟಿಗೆ ಅಲ್ಲೇ ತಪ್ಪುತ್ತದೆ. ಆದರೆ ಅದರಲ್ಲಿ ಕ್ಲೋನ್ ಇಲ್ಲ, ಪರದೆಯ ಭಾಷೆಯಲ್ಲಿ ಸ್ವಲ್ಪ ಕಚೇರಿಯ ಬಿಗುವಿದೆ. ಇದು ಬೇಡವೆನಿಸಿದರೆ ‘ಹ್ಯಾಸ್ಲಿಯೊ ಬ್ಯಾಕಪ್ ಸೂಟ್’ ಇದೆ. ಪೂರ್ತಿ, ಇನ್‌ಕ್ರಿಮೆಂಟಲ್, ಡಿಫರೆನ್ಷಿಯಲ್, ಕ್ಲೋನ್ ನಾಲ್ಕೂ ಅದರ ಉಚಿತ ಆವೃತ್ತಿಯಲ್ಲಿ ಸಿಗುತ್ತವೆ, ಮುಖಪುಟ ಸರಳ.

ಇವೆರಡನ್ನೂ ಬಿಟ್ಟರೆ ಉಚಿತವೆಂದು ಹೇಳಿಕೊಳ್ಳುವ ಹತ್ತಾರು ತಂತ್ರಾಂಶಗಳಿವೆ. ಅವುಗಳಲ್ಲಿ ಕೆಲವು ಎಲ್ಲ ಹೆಜ್ಜೆಗಳನ್ನೂ ಹಾಕಿಸಿ, ಡಿಸ್ಕುಗಳನ್ನು ಆಯ್ಕೆ ಮಾಡಿಸಿ, ಕೊನೆಯ ಗುಂಡಿ ಒತ್ತಿದಾಗ ವಿಂಡೋಸ್ ಇರುವ ಡಿಸ್ಕನ್ನು ಕ್ಲೋನ್ ಮಾಡಲು ಹಣ ಕೊಡಬೇಕೆಂದು ಹೇಳುತ್ತವೆ. ಹಣ ಕೇಳುವುದು ತಪ್ಪಲ್ಲ, ಊಟ ಬಡಿಸಿ ತಟ್ಟೆಗೆ ಕೈಯಿಟ್ಟ ಮೇಲೆ ಕೇಳುವುದು ತಪ್ಪು. ತೆಗೆಯುವುದಕ್ಕೆ ಉಚಿತ, ಮರಳಿಸುವುದಕ್ಕೆ ಹಣ ಎಂಬ ತಂತ್ರಾಂಶ ಕಂಡರಂತೂ ಹತ್ತಿರಕ್ಕೂ ಹೋಗಬಾರದು. ಹೊಸ ಎಸ್‌ಎಸ್‌ಡಿ ಅಥವಾ ಎಕ್ಸ್‌ಟರ್ನಲ್ ಡಿಸ್ಕ್ ಕೊಂಡವರು ಅದರ ತಯಾರಕರ ಜಾಲತಾಣವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮುಂತಾದವರು ‘ಅಕ್ರೋನಿಸ್’ ತಂತ್ರಾಂಶದ ಮೊಟಕು ಆವೃತ್ತಿಯನ್ನು ತಮ್ಮ ಡಿಸ್ಕು ಜೋಡಿಸಿದವರಿಗೆ ಉಚಿತವಾಗಿ ಕೊಡುತ್ತಾರೆ. ಒಂದು ಸಲದ ಕ್ಲೋನ್ ಕೆಲಸಕ್ಕೆ ಅದೇ ಸಾಕಾಗುತ್ತದೆ. ಅಕ್ರೋನಿಸ್‌ನ ಪೂರ್ಣ ಆವೃತ್ತಿ ವರ್ಷದ ಚಂದಾದ್ದು. ಸಮರ್ಥವಾದದ್ದೇ, ಆದರೆ ವೈರಸ್ ತಡೆ, ಕ್ಲೌಡ್ ಎಂದು ಮನೆಗೆ ಬೇಡದ ಸಾಮಾನೂ ಅದರ ಜೊತೆಗೆ ಬರುತ್ತದೆ.

ವಿಂಡೋಸಿನೊಳಗೆ ಏನನ್ನೂ ಹಾಕದೆ ಪೆನ್‌ಡ್ರೈವಿನಿಂದಲೇ ಎಲ್ಲವನ್ನೂ ಮಾಡುವ ಇನ್ನೊಂದು ವರ್ಗವಿದೆ. ತೈವಾನಿನ ರಾಷ್ಟ್ರೀಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಇವುಗಳಲ್ಲಿ ಹೆಸರಾದದ್ದು. ಮುಕ್ತ ತಂತ್ರಾಂಶ, ನಂಬಿಕಸ್ಥ, ಯಾವ ಕಾಲಕ್ಕೂ ಚಂದಾ ಕೇಳದು. ಆದರೆ ಮೌಸ್ ಕೆಲಸ ಮಾಡದ ಪರದೆಗಳು, ಡಿಸ್ಕುಗಳಿಗೆ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಲಿನಕ್ಸ್ ಹೆಸರುಗಳು. ಯಾವುದು ಒಳಗಿನ ಡಿಸ್ಕು, ಯಾವುದು ಹೊರಗಿನದು ಎಂದು ಅದಲುಬದಲಾದರೆ ಬ್ಯಾಕಪ್ ಇರುವ ಡಿಸ್ಕೇ ಅಳಿಸಿಹೋಗುತ್ತದೆ. ಅದಕ್ಕೇ ಅದು ಮರಳಿಸುವ ಮುನ್ನ ನಿಜವಾಗಿಯೂ ಮುಂದುವರಿಯಬೇಕೇ ಎಂದು ಎರಡೆರಡು ಸಲ ಕೇಳುತ್ತದೆ. ಇದೇ ಇಮೇಜ್‌ಗಳನ್ನು ಓದಬಲ್ಲ, ಆದರೆ ಮೌಸಿನಿಂದ ನಡೆಸಬಹುದಾದ ‘ರೆಸ್ಕ್ಯೂಜಿಲ್ಲಾ’ ಮನೆಯವರಿಗೆ ಹೆಚ್ಚು ಒಗ್ಗುತ್ತದೆ. ಅದನ್ನು ಎಬ್ಬಿಸಿದರೆ ಬ್ಯಾಕಪ್, ಮರುಸ್ಥಾಪನೆ, ಕ್ಲೋನ್ ಎಂದು ದೊಡ್ಡ ದೊಡ್ಡ ಗುಂಡಿಗಳು ಕಾಣುತ್ತವೆ, ಡಿಸ್ಕಿನ ಗಾತ್ರವೂ ಮಾದರಿಯ ಹೆಸರೂ ಪಕ್ಕದಲ್ಲಿರುತ್ತವೆ. ಇನ್ನೊಂದು ಅನುಕೂಲವೆಂದರೆ ಇಲ್ಲಿ ರೆಸ್ಕ್ಯೂ ಪೆನ್‌ಡ್ರೈವ್ ಬೇರೆಯಲ್ಲ, ಬ್ಯಾಕಪ್ ತೆಗೆದ ಪೆನ್‌ಡ್ರೈವೇ ಮರಳಿಸುವ ಪೆನ್‌ಡ್ರೈವ್ ಕೂಡ. ಮೊದಲ ದಿನವೇ ಅದರ ಪರೀಕ್ಷೆ ಆಗಿಹೋಗಿರುತ್ತದೆ. ಪ್ರತಿ ಸಲವೂ ಪೂರ್ತಿ ಇಮೇಜನ್ನೇ ತೆಗೆಯಬೇಕು, ವೇಳೆ ಗೊತ್ತುಮಾಡಲು ಬರುವುದಿಲ್ಲ ಎಂಬುದು ಕೊರತೆ. ಭಾವನವರ ಯಂತ್ರದಂತೆ ವರ್ಷಗಟ್ಟಲೆ ಬದಲಾಗದ ಕಂಪ್ಯೂಟರಿಗೆ ಅದು ಕೊರತೆಯೇ ಅಲ್ಲ: ಎಲ್ಲವನ್ನೂ ಸರಿಯಾಗಿ ಹೊಂದಿಸಿದ ದಿನ ಒಂದು ಇಮೇಜ್, ಆಮೇಲೆ ಕಡತಗಳ ಕಾಪಿ ಎಂದಿನಂತೆ ಶನಿವಾರ.

ಮ್ಯಾಕ್ ಬಳಸುವವರು ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. 2007ರಿಂದ ಅದರಲ್ಲೇ ಇರುವ ‘ಟೈಮ್ ಮಷೀನ್’ ಕಳೆದ 24 ಗಂಟೆಗಳಿಗೆ ಗಂಟೆಗೊಂದರಂತೆ, ಕಳೆದ ತಿಂಗಳಿಗೆ ದಿನಕ್ಕೊಂದರಂತೆ, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದರಂತೆ ಪ್ರತಿಗಳನ್ನು ಇಟ್ಟುಕೊಂಡು, ತುಂಬಿದಾಗ ಹಳೆಯದನ್ನು ಅಳಿಸುತ್ತದೆ. ಎಕ್ಸ್‌ಟರ್ನಲ್ ಡಿಸ್ಕು ಜೋಡಿಸಿ ಒಪ್ಪಿಗೆ ಕೊಟ್ಟರೆ ಮುಗಿಯಿತು.

ವಿಂಡೋಸ್ ಕಡೆ ಈಚೆಗೆ ಒಂದು ಹೊಸ ಗಂಟು ಬಿದ್ದಿದೆ, ಅದು ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನದೇ ಸೌಲಭ್ಯ ಬಿಟ್‌ಲಾಕರ್. ವಿಂಡೋಸ್ 11ರ 2024ರ ದೊಡ್ಡ ಪರಿಷ್ಕರಣೆಯ ನಂತರ ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಹೆಚ್ಚಿನ ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಶುರುವಾಗುತ್ತದೆ. ಇದರಿಂದ ಬ್ಯಾಕಪ್‌ಗೆ ಮೂರು ಬಗೆಯ ಪರಿಣಾಮಗಳಿವೆ. ರೆಸ್ಕ್ಯೂಜಿಲ್ಲಾದಂತೆ ಹೊರಗಿನಿಂದ ಇಮೇಜ್ ತೆಗೆಯುವ ತಂತ್ರಾಂಶಕ್ಕೆ ಬೀಗ ಹಾಕಿದ ವಿಭಾಗದೊಳಗೆ ಏನಿದೆಯೆಂದು ತಿಳಿಯುವುದಿಲ್ಲವಾದ್ದರಿಂದ, ಖಾಲಿ ಜಾಗವನ್ನೂ ಸೇರಿಸಿ ಇಡೀ ವಿಭಾಗವನ್ನು ಹಾಗೆಯೇ ಹೊತ್ತು ತರುತ್ತದೆ; 100 ಜಿ.ಬಿ. ಮಾಹಿತಿಗೆ 475 ಜಿ.ಬಿ.ಯ ಇಮೇಜ್ ಆದರೆ ಬೆರಗಾಗಬೇಡಿ. ವಿಂಡೋಸಿನೊಳಗಿಂದ ತೆಗೆದರೆ ಬೀಗ ತೆರೆದ ಸ್ಥಿತಿಯಲ್ಲಿ ಓದುವುದರಿಂದ ಇಮೇಜ್ ಚಿಕ್ಕದಾಗಿರುತ್ತದೆ, ಆದರೆ ಆ ಎಕ್ಸ್‌ಟರ್ನಲ್ ಡಿಸ್ಕು ಯಾರ ಕೈಗೆ ಸಿಕ್ಕರೂ ಒಳಗಿನದೆಲ್ಲ ಅವರಿಗೆ ತೆರೆದ ಪುಸ್ತಕ. ತಂತ್ರಾಂಶದಲ್ಲೇ ಇಮೇಜಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯವನ್ನು ಬಳಸುವುದು ಮೇಲು. ಮೂರನೆಯದು ಮರಳಿಸಿದ ಮೇಲೆ ಎದುರಾಗುವಂಥದ್ದು. ಕಂಪ್ಯೂಟರು ತನ್ನಲ್ಲಿ ಏನೋ ಬದಲಾಗಿದೆಯೆಂದು ಅನುಮಾನಪಟ್ಟು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇವತ್ತೇ ಹೋಗಿ ನೋಡಿ, ಕಾಗದದ ಮೇಲೆ ಬರೆದು ಆಧಾರ್, ರೇಷನ್ ಕಾರ್ಡ್ ಇಡುವ ಫೈಲಿನಲ್ಲಿಡಿ. ಕೀಲಿಯನ್ನು ಅದೇ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಬರೆದಿಟ್ಟವರನ್ನೂ ನಾನು ಬಲ್ಲೆ.

ಯಾವ ಡಿಸ್ಕಿಗೆ ತೆಗೆಯಬೇಕು ಎಂಬುದಕ್ಕೆ ಹೆಚ್ಚು ಮಾತು ಬೇಡ. ಕಂಪ್ಯೂಟರಿನಲ್ಲಿ ಈಗ ತುಂಬಿರುವುದರ ಎರಡು ಮೂರು ಪಟ್ಟು ಜಾಗವಿದ್ದರೆ ಸಾಕು. ಕಪಾಟಿನಲ್ಲಿ ಬಹುಕಾಲ ಇಡುವುದಕ್ಕೆ ಎಸ್‌ಎಸ್‌ಡಿಗಿಂತ ಅಗ್ಗದ ಹಾರ್ಡ್ ಡಿಸ್ಕೇ ವಾಸಿ. ಅದನ್ನು ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಬೇಕು, ಏಕೆಂದರೆ ಹಳೆಯ ಫ್ಯಾಟ್32 ಮಾದರಿಯಲ್ಲಿ 4 ಜಿ.ಬಿ.ಗಿಂತ ದೊಡ್ಡ ಕಡತ ಕೂರುವುದಿಲ್ಲ. ಯುಎಸ್‌ಬಿ 3 ಕಿಂಡಿಗೆ ಚುಚ್ಚಬೇಕು; ಎಷ್ಟೋ ಯಂತ್ರಗಳಲ್ಲಿ ಅದರ ಒಳಗು ನೀಲಿ ಬಣ್ಣದ್ದಾಗಿರುತ್ತದೆ. ಸೆಕೆಂಡಿಗೆ 100 ಎಂ.ಬಿ. ವೇಗದಲ್ಲಿ 120 ಜಿ.ಬಿ. ಹೋಗಲು 20 ನಿಮಿಷ ಸಾಕಾದರೆ, ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಅಷ್ಟಕ್ಕೇ ಒಂದು ಗಂಟೆಗೂ ಮೀರಿ ಕಾಯಬೇಕು.

ಇಮೇಜ್ ಮುಗಿದ ಮೇಲೆ ಡಿಸ್ಕನ್ನು ಕಿತ್ತಿಡಬೇಕು, ಇದರಲ್ಲಿ ರಾಜಿ ಬೇಡ. 2017ರ ಮೇ ತಿಂಗಳಿನಲ್ಲಿ ಹಬ್ಬಿದ ವಾನಾಕ್ರೈನಂಥ ಹಣಕ್ಕಾಗಿ ಕಡತಗಳನ್ನು ಒತ್ತೆಯಿಡುವ ಸುಲಿಗೆ ತಂತ್ರಾಂಶಗಳು ಕಂಪ್ಯೂಟರಿಗೆ ಜೋಡಿಸಿದ ಡಿಸ್ಕುಗಳನ್ನೂ ಬಿಡದೆ ಗೂಢಲಿಪಿಗೆ ತಿರುಗಿಸುತ್ತವೆ. ಅಷ್ಟು ದೂರ ಹೋಗುವುದೂ ಬೇಡ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಟಿ.ವಿ.ಯ ಪ್ಲಗ್ ಕೀಳುವುದು ರೂಢಿ, ಕಂಪ್ಯೂಟರಿಗೆ ಜೋಡಿಸಿಟ್ಟ ಬ್ಯಾಕಪ್ ಡಿಸ್ಕಿಗೂ ಆ ಸಿಡಿಲು ಅಷ್ಟೇ ಹತ್ತಿರ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯ ಹೊರಗೆ ಎಂದು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ರೂಢಿಗೆ ತಂದ 3-2-1 ಸೂತ್ರವನ್ನು ಪೂರ್ತಿ ಪಾಲಿಸಲು ಎಲ್ಲರಿಗೂ ಆಗಲಿಕ್ಕಿಲ್ಲ. ಇಮೇಜ್ ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಕಳೆದರೆ ಮತ್ತೆ ಹುಟ್ಟದ ಫೋಟೊ ಮತ್ತು ದಾಖಲೆಗಳು ಮಾತ್ರ ಕ್ಲೌಡಿನಲ್ಲೋ, ತಂಗಿಯ ಮನೆಯ ಬೀರುವಿನಲ್ಲಿರುವ ಇನ್ನೊಂದು ಡಿಸ್ಕಿನಲ್ಲೋ ಎಂದು ಮಾಡಿಕೊಂಡರೆ ಹೆಚ್ಚುಕಡಿಮೆ ಅದೇ ಆಗುತ್ತದೆ. ಕ್ಲೌಡ್ ಎಂದರೆ ಅಲ್ಲಿಗೆ ಸಿಂಕ್ ಆಗುವ ಫೋಲ್ಡರ್ ಎಂದಷ್ಟೇ ತಿಳಿದಿದ್ದರೆ ಎಚ್ಚರವಿರಲಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಅದರ ಕಸದ ಬುಟ್ಟಿಯಿಂದ ಮರಳಿ ಪಡೆಯಲು ಸಾಮಾನ್ಯವಾಗಿ 30 ದಿನಗಳಷ್ಟೇ ಗಡುವು.

ತೆಗೆದ ಇಮೇಜ್ ಸರಿಯಿದೆಯೇ ಎಂದು ನೋಡಲು ಹೆಚ್ಚಿನ ತಂತ್ರಾಂಶಗಳಲ್ಲಿ ‘ವೆರಿಫೈ’ ಎಂಬ ಗುಂಡಿ ಇರುತ್ತದೆ. ಅದು ಬರೆದ ಮಾಹಿತಿಯನ್ನು ಮತ್ತೆ ಓದಿ ತಾಳೆ ನೋಡುತ್ತದೆ. ಪ್ರತಿ ಪೂರ್ತಿ ಇಮೇಜಿಗೂ ಅದನ್ನು ಒತ್ತಬೇಕು. ಜೊತೆಗೆ ಇಮೇಜನ್ನು ಒಂದು ಡ್ರೈವಿನಂತೆ ತೆರೆದು, ಒಳಗಿಂದ ಯಾವುದಾದರೂ ಒಂದು ಫೋಟೊವನ್ನು ಹೊರತೆಗೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಬಹಳಷ್ಟು ಸಲ ನಮಗೆ ಬೇಕಾಗುವುದು ಇಡೀ ಯಂತ್ರವಲ್ಲ, ಕೈತಪ್ಪಿ ಅಳಿಸಿಹೋದ ಒಂದು ಕಡತ. ಅದೊಂದಕ್ಕಾಗಿ ಇಡೀ ಡಿಸ್ಕನ್ನು ಹಿಂದಿನ ತಿಂಗಳಿಗೆ ಮರಳಿಸಬೇಕಾದ ತಂತ್ರಾಂಶ ಮನೆಗೆ ಹೇಳಿಮಾಡಿಸಿದ್ದಲ್ಲ.

ನಮ್ಮ ಮನೆಯ ರೆಸ್ಕ್ಯೂ ಪೆನ್‌ಡ್ರೈವಿಗೆ ಒಂದು ಬಿಳಿ ಪಟ್ಟಿ ಅಂಟಿಸಿದೆ. ಅದರ ಮೇಲೆ ಯಾವ ಲ್ಯಾಪ್‌ಟಾಪಿನದು, ಯಾವ ತಂತ್ರಾಂಶ ಮತ್ತು ಎಷ್ಟನೇ ಆವೃತ್ತಿ, ಆನ್ ಮಾಡುವಾಗ ಒತ್ತಬೇಕಾದದ್ದು ಎಫ್12, ಕೊನೆಯ ಸಲ ಎಬ್ಬಿಸಿ ನೋಡಿದ ತಾರೀಕು ಇಷ್ಟನ್ನು ಸಣ್ಣಕ್ಷರಗಳಲ್ಲಿ ಬರೆದಿದೆ. ತಂತ್ರಾಂಶ ದೊಡ್ಡ ಪರಿಷ್ಕರಣೆ ಕಂಡಾಗಲೆಲ್ಲ ಪೆನ್‌ಡ್ರೈವನ್ನು ಹೊಸದಾಗಿ ಮಾಡಿ ಪಟ್ಟಿಯನ್ನೂ ಬದಲಿಸುತ್ತೇನೆ. ಡಿಸ್ಕನ್ನೂ ಪೆನ್‌ಡ್ರೈವನ್ನೂ ಒಂದೇ ಡಬ್ಬದಲ್ಲಿಟ್ಟಿದ್ದೇವೆ. ಆ ಡಬ್ಬ ಎಲ್ಲಿದೆಯೆಂದು ನಾನಿಲ್ಲದಾಗಲೂ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆ.